ಬಿಸಿಯೂಟದ ಹಂಡೆಯೂ ಬಸಳೆಯ ಚಪ್ಪರವೂ

ಬಂಟ್ವಾಳದಿಂದ ಬೆಳ್ತಂಗಡಿಗೂ ಅಲ್ಲಿಂದ ವೇಣೂರಿನ ಮಾರ್ಗವಾಗಿ ಮೂಡುಬಿದಿರೆಗೂ ಸಾಗುವ ಪಥಿಕನು ಗೊಮ್ಮಟನನ್ನೂ ಸಾವಿರ ಕಂಬದ ಬಸದಿಯನ್ನೂ ಕಂಡು ಕೃತಾರ್ಥನಾಗುವುದು ಸಹಜವೇ. ಆದರೆ ನಡುದಾರಿಯ ಯಾವುದಾದರೊಂದು ಹಂಚಿನ ಮಾಡಿನ ಪ್ರಾಥಮಿಕ ಶಾಲೆಯ ಹಿತ್ತಿಲಿನತ್ತ ಅವನು ಕ್ಷಣಕಾಲ ಇಣುಕಿದನಾದರೆ, ಅಕ್ಕಿ ತೊಳೆದ ನೀರು ಹರಿದುಬರುವ ಕಡೆಗೆ ಅಡಕೆಯ ಸಲಾಕೆಗಳಿಂದ ಕಟ್ಟಿದ ಚಪ್ಪರವೊಂದನ್ನೂ ಅದರ ಮೇಲೆ ದಟ್ಟವಾಗಿ ಹಬ್ಬಿದ ಬಸಳೆಯನ್ನೂ ಪಕ್ಕದಲ್ಲಿ ಕೆಂಪು ಹರಿವೆಯ ಸಾಲುಗಳನ್ನೂ ಕಾಣಲೂಬಹುದು. ಇಲಾಖೆಯವರು ಇದನ್ನು ‘ಅಕ್ಷರ ಕೈತೋಟ’ವೆಂದು ಕರೆಯುತ್ತಾರೆ; ಮಕ್ಕಳಿಗೆ ಅದು ಬರಿಯ ‘ತೋಟ’.

ಬಾಲಕರ ಶಿಕ್ಷಣವನ್ನೂ ತೋಟವನ್ನೂ ಕೂಡಿಸಿ ಚಿಂತಿಸಿದವರು ಹಲವರು. ಜರ್ಮನಿಯ ಫ್ರೋಬೆಲನು 1840ರಲ್ಲಿ ತನ್ನ ಶಿಶುಶಾಲೆಗೆ ‘ಮಕ್ಕಳ ತೋಟ’ವೆಂಬರ್ಥದ ಹೆಸರನ್ನೇ ಇಟ್ಟನು. ನಮ್ಮ ದೇಶದಲ್ಲಿ 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸೇರಿದ ಸಮ್ಮೇಳನದಲ್ಲಿ, ಕೈಕೆಲಸದ ಮೂಲಕವೇ ವಿದ್ಯೆಯೆಂಬ ತಮ್ಮ ಮತವನ್ನು ಗಾಂಧೀಜಿಯವರು ಮುಂದಿಟ್ಟರು. ಬಂಟ್ವಾಳದಲ್ಲಿ ಜನಿಸಿ, ಶಾಲಾ ಇನ್ಸ್‌ಪೆಕ್ಟರರಾಗಿ ಊರೂರು ಸುತ್ತಿ, ಮಕ್ಕಳಿಗಾಗಿ ಬರೆದ ಪಂಜೆ ಮಂಗೇಶರಾಯರು ಗತಿಸಿದುದೂ ಅದೇ ತಿಂಗಳಲ್ಲಿ ಎಂಬುದು ಬರಿಯ ಕಾಕತಾಳೀಯವಾದರೂ, ಬರೆಯುವಾಗ ನೆನಪಾಗದೆ ಇರದು. ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು 1940ರಲ್ಲಿ ಸ್ಥಾಪಿಸಿದ ಸಿದ್ಧವನ ಗುರುಕುಲದಲ್ಲಂತೂ ಓದಿನೊಡನೆ ಮಣ್ಣಿನ ಕೆಲಸವೂ ದಿನಚರಿಯ ಅಂಗವಾಯಿತು.

ಆದರೂ ಇಂದಿನ ಶಾಲಾತೋಟಕ್ಕೆ ನಿಜವಾದ ಪ್ರಯೋಜನವನ್ನು ಒದಗಿಸಿದುದು ತತ್ತ್ವವಲ್ಲ, ಹಂಡೆ. ಕರ್ನಾಟಕದ ಈಶಾನ್ಯದ 7 ಜಿಲ್ಲೆಗಳಲ್ಲಿ 2002ರಲ್ಲಿ ಮೊದಲಾಗಿ ಮರುವರ್ಷ ಉಳಿದೆಡೆಗೂ ಹಬ್ಬಿದ ಅಕ್ಷರ ದಾಸೋಹದ ನಿಯಮದಂತೆ, ಕೆಳಗಿನ 5 ತರಗತಿಗಳ ಮಗುವಿಗೆ ದಿನಕ್ಕೆ 50 ಗ್ರಾಮ್, ಮೇಲಿನವರಿಗೆ 75 ಗ್ರಾಮ್ ತರಕಾರಿ ಬೇಕು. ಚಿಕ್ಕವರು 60, ದೊಡ್ಡವರು 40 ಮಂದಿಯಿರುವ ಶಾಲೆಗೆ ನಿತ್ಯವೂ 6 ಕಿಲೋ ಎಂದಾಯಿತು. ಇಷ್ಟನ್ನೂ ಹಿತ್ತಿಲೇ ಕೊಟ್ಟೀತೆಂದು ಭಾಷಣದಲ್ಲಿ ಹೇಳಬಹುದು. ಗುದ್ದಲಿ ಹಿಡಿದವರು ಹೇಳಲಾರರು. ಆದರೆ ವಾರದಲ್ಲಿ ಎರಡು ದಿನ ಸಾಂಬಾರಿಗೆ ಬಸಳೆ, ಒಂದು ದಿನ ಅಲಸಂಡೆ ದೊರೆತರೂ ಅಡುಗೆಯವರ ಮುಖ ಅರಳುತ್ತದೆ.

ತೋಟವನ್ನು ತೊಡಗುವವರು ಮೊದಲು ಎದುರಿಸಬೇಕಾದುದು ಮುರಕಲ್ಲನ್ನು. ಶಾಲೆಯ ಜಾಗವೆಂದರೆ ಸಾಮಾನ್ಯವಾಗಿ ಗದ್ದೆಗೂ ತೋಟಕ್ಕೂ ಬಾರದೆ ಉಳಿದ ಗುಡ್ಡೆಯ ನೆತ್ತಿ. ಗುದ್ದಲಿ ಹಾಕಿದರೆ ಠಣ್ಣೆನ್ನುವ ನೆಲ. ಆದುದರಿಂದ ಅಗೆಯುವುದಕ್ಕಿಂತ ಏರಿಸುವುದೇ ಮೇಲು. ತರಗೆಲೆಯನ್ನೂ ಮಣ್ಣನ್ನೂ ಪದರಪದರವಾಗಿ ಒಟ್ಟಿ ನಿಧಾನವಾಗಿ ಬೇಯಿಸಿದ ಸುಡುಮಣ್ಣು, ನೆರೆಮನೆಯ ಹಟ್ಟಿಗೊಬ್ಬರ, ಅಡುಗೆಮನೆಯ ಬೂದಿ ಇವನ್ನು ಬೆರೆಸಿ ಎತ್ತರದ ಏರಿಗಳನ್ನು ಮಾಡದಿದ್ದರೆ, ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಸುರಿಯುವ ಈ ಸೀಮೆಯ ಮಳೆ ಬೀಜವನ್ನೂ ಗೊಬ್ಬರವನ್ನೂ ಒಟ್ಟಿಗೆ ಕೊಚ್ಚಿಕೊಂಡು ಹೋಗುತ್ತದೆ. ಮಳೆಗಾಲಕ್ಕೆ ಬೆಂಡೆ, ಹೀರೆ, ಮುಳ್ಳುಸೌತೆ. ದೀಪಾವಳಿ ಕಳೆದ ಮೇಲೆ ಹರಿವೆ, ಅಲಸಂಡೆ, ಸೌತೆ. ತೊಂಡೆಯೂ ಬಸಳೆಯೂ ಒಮ್ಮೆ ಬೇರೂರಿದರೆ ವರ್ಷವಿಡೀ. ಬೇಲಿಯ ಬದಿಗೆ ನುಗ್ಗೆ, ಬಚ್ಚಲ ಬದಿಗೆ ಬಾಳೆ. ಮಂಗಗಳ ವಿಷಯವನ್ನು ಇಲ್ಲಿ ಎತ್ತುವುದಿಲ್ಲ. ಅದಕ್ಕೆ ಪ್ರತ್ಯೇಕ ಲೇಖನವೇ ಬೇಕಾದೀತು.

ಕೇಂದ್ರ ಸರಕಾರವೂ 2019ರಲ್ಲಿ ಶಾಲಾ ಪೌಷ್ಟಿಕ ತೋಟಗಳಿಗಾಗಿ ಮಾರ್ಗಸೂಚಿಯನ್ನು ಹೊರಡಿಸಿತು. ಸಸಿ ನೆಡುವ ದಿನ ಜನರಿಗೆ ಬರಗಾಲವಿಲ್ಲ; ಮೇಲುಸ್ತುವಾರಿ ಸಮಿತಿಯವರೂ ಹಳೆ ವಿದ್ಯಾರ್ಥಿಗಳೂ ತಾಯಂದಿರೂ ಶ್ರಮದಾನಕ್ಕೆ ಬರುತ್ತಾರೆ, ಅವಲಕ್ಕಿ ಚಹಾ ಆಗುತ್ತದೆ, ಪಟ ತೆಗೆಯಲಾಗುತ್ತದೆ. ತೋಟವು ಊರಿನದೋ ಬರಿಯ ಹೆಡ್‌ಮಾಸ್ತರರದೋ ಎಂಬುದು ತಿಳಿಯುವುದು ಏಪ್ರಿಲಿನಲ್ಲಿ. ಪರೀಕ್ಷೆ ಮುಗಿದು ಬಾಗಿಲಿಗೆ ಬೀಗ ಬಿದ್ದು, ಬಾವಿಯ ನೀರು ತಳಕ್ಕಿಳಿದು, ಮಕ್ಕಳು ಅಜ್ಜಿಮನೆಗೆ ಹೊರಟುಹೋದ ಆ ಆರೇಳು ವಾರಗಳಲ್ಲಿ ಬಸಳೆಯ ಬುಡಕ್ಕೆ ಸಂಜೆಗೊಂದು ಕೊಡ ನೀರು ಹೊಯ್ಯುವವರು ಯಾರು? ಇದನ್ನು ಜೂನ್ ತಿಂಗಳಲ್ಲಿಯೇ ಗೊತ್ತುಮಾಡಿಕೊಳ್ಳದ ಶಾಲೆಗಳಲ್ಲಿ ಮರುವರ್ಷ ಉಳಿಯುವುದು ಒಣಗಿದ ಚಪ್ಪರ ಮಾತ್ರ. ಪಕ್ಕದ ನಾಲ್ಕು ಮನೆಗಳು ವಾರಕ್ಕೊಂದರಂತೆ ಸರದಿ ಹಿಡಿದು, ರಜೆಯ ಫಸಲನ್ನು ತಾವೇ ಕೊಯ್ದುಕೊಳ್ಳುವ ಏರ್ಪಾಡು ಸರಳವಾದುದು, ನ್ಯಾಯವಾದುದು. ಮಕ್ಕಳ ಸೊತ್ತನ್ನು ಊರವರು ಉಣ್ಣಬಹುದೇ ಎಂಬ ಆಕ್ಷೇಪಕ್ಕೆ ಬೆಲೆ ಕೊಡಬೇಕಾಗಿಲ್ಲ. ಕೊಯ್ಯದ ಬಸಳೆ ಬಲಿತು ನಾರುಗಟ್ಟುತ್ತದೆಯೇ ಹೊರತು ಮಕ್ಕಳಿಗಾಗಿ ಕಾದಿರುವುದಿಲ್ಲ.

ಸೌತೆಯ ಸಂಗತಿಯೇ ಬೇರೆ. ಬಲಿತ ಕಾಯನ್ನು ಬಾಳೆನಾರಿನಲ್ಲಿ ಬಿಗಿದು ಅಡುಗೆಕೋಣೆಯ ಜಂತಿಗೆ ತೂಗಹಾಕಿದರೆ ಅದು ಬೇಸಗೆಯನ್ನು ಕಳೆದು ಮಳೆಗಾಲಕ್ಕೂ ಬರುತ್ತದೆ. ಮೇ ಕೊನೆಗೆ ಬೀಗ ತೆಗೆದಾಗ, ಹೊಗೆ ಹಿಡಿದ ಜಂತಿಯ ಕೆಳಗೆ ಒಂದೇ ಸಾಲಿನಲ್ಲಿ ಹಳದಿಯಾಗಿ ತೂಗುವ ಆ ಕಾಯಿಗಳನ್ನು ಮಕ್ಕಳು ಮೊದಲು ಎಣಿಸುತ್ತಾರೆ, ಆಮೇಲೆ ತರಗತಿಗೆ ಹೋಗುತ್ತಾರೆ.