ತೆನೆ ಹಬ್ಬದ ಊಟವೂ ಮನೆಯ ಹಿತ್ತಿಲೂ

ಸಪ್ಟೆಂಬರ 8ನೆಯ ತಾರೀಕಿನಂದು ದಕ್ಷಿಣ ಕನ್ನಡದ ಕೊಂಕಣಿ ಮಾತಾಡುವ ಕತೊಲಿಕ ಮನೆತನಗಳಲ್ಲಿ ನಡೆಯುವ ತೆನೆ ಹಬ್ಬವನ್ನು ನಮ್ಮ ವಾಚಕರಲ್ಲಿ ಅರಿಯದವರು ವಿರಳ. ಅದು ಯೇಸುಸ್ವಾಮಿಯ ತಾಯಿಯಾದ ಮರಿಯಳ ಜನ್ಮದಿನವೂ ಹೌದು, ಗದ್ದೆಯ ಹೊಸ ತೆನೆಯನ್ನು ಮನೆ ತುಂಬಿಸಿಕೊಳ್ಳುವ ದಿನವೂ ಹೌದು. ಮನೆಮಾತಿನಲ್ಲಿ ಇದಕ್ಕೆ ಮೊಂತಿ ಫೆಸ್ತ್ ಎಂದು ಹೆಸರು. ನೇತ್ರಾವತಿಯ ದಡದಲ್ಲಿರುವ ಫರಂಗಿಪೇಟೆಯ ಮೊಂತೆ ಮರಿಯಾನೊ, ಎಂದರೆ ಮರಿಯಳ ಗುಡ್ಡ, ಎಂಬಲ್ಲಿ ಗೋವೆಯ ಪಾದ್ರಿಗಳಾದ ಜೋಕಿಂ ಮಿರಾಂದರು 1763ರಲ್ಲಿ ಇದನ್ನು ಆರಂಭಿಸಿದರೆಂದು ಹೇಳುತ್ತಾರೆ. ಹೊಸ ಅಕ್ಕಿಯನ್ನು ಗೌರವದಿಂದ ಉಣ್ಣುವ ವಾಡಿಕೆಯಾದರೋ ಈ ನಾಡಿನಲ್ಲಿ ಅದಕ್ಕಿಂತಲೂ ಹಳೆಯದು. ತುಳುನಾಡಿನ ಹೊಸತು ಊಟವೂ ಕೊಡಗಿನ ಪುತ್ತರಿಯೂ ಅದೇ ಬಳಗದವು.

ಹಬ್ಬದ ಮೊದಲಿನ ಒಂಬತ್ತು ದಿನಗಳ ಆರಾಧನೆಯನ್ನೂ, ಮಕ್ಕಳು ತಟ್ಟೆಗಳಲ್ಲಿ ಹೂ ತರುವ ಸೊಬಗನ್ನೂ, ದೇವಾಲಯದ ಅಂಗಳದಲ್ಲಿ ಅವರಿಗೆ ಸಿಕ್ಕುವ ಕಬ್ಬಿನ ಸವಿಯನ್ನೂ ಇಲ್ಲಿ ವರ್ಣಿಸಹೊರಟಿಲ್ಲ. ನಾನು ಹೇಳತಕ್ಕದ್ದು ಆ ದಿನದ ಮಧ್ಯಾಹ್ನದ ಊಟದ ವಿಷಯ. ಕ್ರೈಸ್ತರ ಹಬ್ಬವೆಂದರೆ ಮಾಂಸದ ಅಡಿಗೆ ಎಂದೆಣಿಸುವ ನೆರೆಯವರಿಗೆ ಈ ಊಟ ಆಶ್ಚರ್ಯವನ್ನುಂಟುಮಾಡುತ್ತದೆ. ಅಂದು ಮೀನಿಲ್ಲ, ಮಾಂಸವಿಲ್ಲ. ಬಾಳೆಯೆಲೆಯ ಮೇಲೆ ಅನ್ನ, ತರಕಾರಿಯ ಪದಾರ್ಥಗಳು, ಒಂದು ಸಿಹಿ. ಪದಾರ್ಥಗಳು ಬೆಸಸಂಖ್ಯೆಯಲ್ಲಿರಬೇಕು: ಮೂರು, ಐದು, ಏಳು, ಶಕ್ತಿಯಿದ್ದಲ್ಲಿ ಒಂಬತ್ತು.

ಈ ತರಕಾರಿಗಳು ಯಾವುವು ಎಂಬುದನ್ನು ನೋಡಿದರೆ ಊಟದ ಗುಟ್ಟು ತಿಳಿಯುತ್ತದೆ. ಹೀರೆ, ಬೆಂಡೆ, ಅಲಸಂಡೆ, ಹಾಗಲ, ಪಡುವಲ, ಮುಳ್ಳುಸೌತೆ, ತೊಂಡೆ, ಕೆಸುವಿನ ದಂಟು. ಇವೆಲ್ಲವೂ ಮಳೆಗಾಲದ ಹಿತ್ತಿಲಿನ ಬೆಳೆಗಳು. ಬೆಂಡೆಯೂ ಅಲಸಂಡೆಯೂ ಬೀಜ ಹಾಕಿದ ಸುಮಾರು ಐವತ್ತು ದಿನಗಳಿಗೆ ಕಾಯಿ ಕೊಡಲಾರಂಭಿಸುತ್ತವೆ. ಹೀರೆ ಪಡುವಲಗಳಿಗೆ ಇನ್ನೂ ಒಂದೆರಡು ವಾರ ಹೆಚ್ಚು. ಜೂನ್ ತಿಂಗಳ ಮೊದಲ ಮಳೆಗೆ ಬೀಜ ಬಿದ್ದು, ಆಟಿ ತಿಂಗಳ ಜಡಿಮಳೆಯಲ್ಲಿ ಬಳ್ಳಿ ಕೊಳೆಯದೆ ಚಪ್ಪರಕ್ಕೇರಿದರೆ ಮಾತ್ರ ಸಪ್ಟೆಂಬರದಲ್ಲಿ ಎಲೆ ತುಂಬುವುದು. ಈ ಹಬ್ಬದ ಅಡಿಗೆ ಒಲೆ ಹೊತ್ತಿಸಿದಾಗ ಆರಂಭವಾಗುವುದಲ್ಲ, ಮೂರು ತಿಂಗಳ ಮುಂಚೆ ಬೂದಿ ಬೆರೆಸಿ ಕಟ್ಟಿಟ್ಟಿದ್ದ ಬೀಜದ ಗಂಟನ್ನು ಬಿಚ್ಚಿದಾಗ ಆರಂಭವಾಗುತ್ತದೆ. ಹಣ ಎಷ್ಟಿದ್ದರೂ ಆ ಮೂರು ತಿಂಗಳನ್ನು ಹಬ್ಬದ ಮುನ್ನಾದಿನ ಪೇಟೆಯಲ್ಲಿ ಕೊಳ್ಳಲಾಗದು. ಕೊಂಡ ತರಕಾರಿಯಿಂದ ಊಟವಾಗುತ್ತದೆ, ನಿಜ. ಏಳು ಬಗೆಯೂ ಸಿದ್ಧವಾಗಿ ಡಬ್ಬಿಗಳಲ್ಲಿ ಬರುವ ಏರ್ಪಾಡೂ ಈಗ ಉಂಟು. ಆದರೆ ಕೊಂಡ ಏಳು ಬಗೆಗಿಂತ ಬೆಳೆದ ಮೂರು ಬಗೆ ಮೇಲೆಂದೇ ನನ್ನ ಅಭಿಪ್ರಾಯ, ಮತ್ತು ಪದ್ಧತಿಯೂ ಮೂರಕ್ಕೆ ಒಪ್ಪುತ್ತದೆ.

ಹಿಂದಿನವರಿಗೆ ಇದು ಬರಿಯ ಅಭಿರುಚಿಯ ಮಾತಾಗಿರಲಿಲ್ಲ. ಆಟಿ ತಿಂಗಳೆಂದರೆ ಕಣಜದ ಅಕ್ಕಿ ಮುಗಿಯುತ್ತ ಬರುವ ಕಾಲ, ಸಮುದ್ರಕ್ಕೆ ದೋಣಿ ಇಳಿಯದ ಕಾಲ. ಮಾಡಿನ ಪಕಾಸಿಗೆ ಬಾಳೆನಾರಿನಿಂದ ತೂಗಹಾಕಿದ ಬೇಸಗೆಯ ಸೌತೆಕಾಯಿ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಒಣಮೀನು, ಇಷ್ಟರಲ್ಲಿಯೇ ದಿನ ಕಳೆಯಬೇಕಾಗಿತ್ತು. ಆ ಮೇಲೆ ಹಸಿರು ತೆನೆಯೂ ಹಸಿರು ಕಾಯಿಯೂ ಒಟ್ಟಿಗೆ ಕಂಡಾಗ ಅವರಿಗಾದ ಸಂತೋಷವನ್ನು, ವರ್ಷವಿಡೀ ಎಲ್ಲವೂ ದೊರೆಯುವ ಕಾಲದಲ್ಲಿ ಬೆಳೆದ ನಮ್ಮ ಹುಡುಗಿಯರು ಊಹಿಸಿಯೇ ತಿಳಿಯಬೇಕು.

ಇನ್ನು ಅಡಿಗೆಯ ಕ್ರಮ. ಕೆಸುವಿನ ದಂಟನ್ನು ನಾರು ತೆಗೆದು ಗಂಟು ಕಟ್ಟಿ, ಅಂಬಟೆಕಾಯಿಯನ್ನೋ ಹುಣಿಸೆಹಣ್ಣನ್ನೋ ಸೇರಿಸಿ ಬೇಯಿಸುವುದು ವಾಡಿಕೆ. ಕೆಸುವಿನೊಳಗೆ ಸೂಜಿಯಂತಹ ಅತಿ ಸೂಕ್ಷ್ಮ ಹರಳುಗಳಿರುತ್ತವೆ. ಬಾಯಿ ತುರಿಸುವುದು ಅವುಗಳಿಂದಲೇ. ಆದ್ದರಿಂದ ಇದನ್ನು ಅರೆಬೇಯಿಸಿ ಇಳಿಸಕೂಡದು, ಹುಳಿ ಮರೆಯಲೂಕೂಡದು. ತೊಂಡೆಕಾಯಿಗೆ ನೆನೆಯಿಸಿದ ಗೇರುಬೀಜ ಹಾಕುವರು. ಹೀರೆ ತಾನೇ ನೀರು ಬಿಡುವುದರಿಂದ ಮೇಲೆ ನೀರೆರೆಯುವ ಅವಶ್ಯವಿಲ್ಲ. ಬೆಂಡೆ, ಅಲಸಂಡೆಗಳಿಗೆ ಒಗ್ಗರಣೆ, ತೆಂಗಿನ ತುರಿ, ಇಷ್ಟೇ ಸಾಕು.

ಸಿಹಿಗೆ ವೊರ್ನ್ ಎಂದು ಹೆಸರು. ಕಡಲೆಬೇಳೆಯ ಅಥವಾ ಹೆಸರುಬೇಳೆಯ ಪಾಯಸ. ಎಂಟು ಮಂದಿಯ ಮನೆಗೆ ಎರಡು ಬಟ್ಟಲು ಬೇಳೆ, ಎರಡು ತೆಂಗಿನಕಾಯಿ, ಸುಮಾರು 400 ಗ್ರಾಂ ಕಪ್ಪು ಬೆಲ್ಲ ಬೇಕು. ಬೇಳೆ ಬೆರಳಲ್ಲಿ ಹಿಸುಕಿದರೆ ಅಳ್ಳಕವಾಗುವಷ್ಟು ಬೆಂದ ಮೇಲೆಯೇ ಬೆಲ್ಲ ಹಾಕತಕ್ಕದ್ದು. ಬೆಲ್ಲ ಬಿದ್ದ ಬಳಿಕ ಬೇಳೆ ಮೆತ್ತಗಾಗುವುದು ಬಹಳ ಕಷ್ಟ. ಅವಸರಪಟ್ಟವರ ಪಾಯಸದಲ್ಲಿ ಬೇಳೆ ಕಟಕಟನೆ ಕಡಿಯಸಿಕ್ಕುವುದು ಇದರಿಂದಲೇ. ತೆಂಗಿನ ಎರಡನೆಯ ಹಾಲನ್ನು ಮೊದಲು ಹೊಯ್ದು ಕುದಿಸಿ, ಮೊದಲನೆಯ ಗಟ್ಟಿ ಹಾಲನ್ನು ಕಡೆಯಲ್ಲಿ ಹೊಯ್ದು, ಕುದಿ ಬರುವ ಮುನ್ನ ಇಳಿಸಬೇಕು. ಇಲ್ಲವಾದರೆ ಹಾಲು ಒಡೆಯುವುದು. ಏಲಕ್ಕಿಯನ್ನು ಇಳಿಸಿದ ಮೇಲೆ ಸೇರಿಸಿರಿ. ಅರಿಶಿನದ ಗಿಡ ಹಿತ್ತಿಲಲ್ಲಿರುವವರು ಅದರ ಎಲೆಗೆ ಬೆಳ್ತಿಗೆ ಅಕ್ಕಿಯ ಹಿಟ್ಟು ಸವರಿ, ಕಾಯಿಬೆಲ್ಲವಿಟ್ಟು ಮಡಚಿ, ಹಬೆಯಲ್ಲಿ ಬೇಯಿಸಿದ ಗಟ್ಟಿಯನ್ನೂ ಮಾಡುವುದುಂಟು. ಎಲೆಯ ಕಂಪು ಈ ತಿಂಗಳಿನಲ್ಲಿರುವಷ್ಟು ಬೇರೆ ಯಾವಾಗಲೂ ಇರದು.

ಊಟಕ್ಕೆ ಮುಂಚೆ ನಡೆಯುವ ಒಂದು ವಿಧಿಯೇ ಈ ಹಬ್ಬದ ಜೀವ. ದೇವಾಲಯದಲ್ಲಿ ಆಶೀರ್ವದಿಸಿ ಕೊಟ್ಟ ತೆನೆಯನ್ನು ಮನೆಗೆ ತಂದು, ಅದರ ಕೆಲವು ಕಾಳುಗಳ ಸಿಪ್ಪೆ ಸುಲಿದು, ಪುಡಿಮಾಡಿ, ಹಾಲಿನಲ್ಲಿ ಬೆರೆಸುತ್ತಾರೆ. ಇದಕ್ಕೆ ನೊವೆಂ, ಎಂದರೆ ಹೊಸತು, ಎಂದು ಹೆಸರು. ಪ್ರಾರ್ಥನೆಯಾದ ಬಳಿಕ ಮನೆಯ ಹಿರಿಯರು ಅದನ್ನು ಎಲ್ಲರಿಗೂ ಹಂಚುತ್ತಾರೆ. ಎಲ್ಲರಿಗೂ ಎಂಬ ಮಾತನ್ನು ನಮ್ಮ ತಾಯಂದಿರು ಗಮನಿಸಬೇಕೆಂದು ಬೇಡುತ್ತೇನೆ. ಮನೆಯವರೆಲ್ಲ ಒಂದೇ ಹೊತ್ತಿಗೆ ಕೂಡದೆ ನೊವೆಂ ಹಂಚುವುದು ಹೇಗೆ? ಆದರೂ ಎಷ್ಟೋ ಮನೆಗಳಲ್ಲಿ ಗೃಹಿಣಿಯು ಸೆರಗಿನಲ್ಲಿ ಕೈಯೊರಸಿಕೊಳ್ಳುತ್ತ ಬಂದು, ನಿಂತಲ್ಲಿಯೇ ಒಂದು ಚಮಚ ಕುಡಿದು, ಪುನಃ ಒಲೆಯ ಬಳಿಗೆ ಓಡುವಳು. ಕಟ್ಟಕಡೆಗೆ, ಆರಿದ ಅನ್ನದ ಮುಂದೆ, ಒಬ್ಬಳೇ ಕುಳಿತುಕೊಳ್ಳುವಳು. ಇದು ಸಲ್ಲದು. ಈ ಊಟದಲ್ಲಿ ಬಿಸಿಬಿಸಿಯಾಗಿಯೇ ಬಡಿಸಬೇಕಾದ ಪದಾರ್ಥ ಒಂದೂ ಇಲ್ಲವೆಂಬುದನ್ನು ನೋಡಿರಿ. ಕೆಸುವನ್ನು ಮುನ್ನಾದಿನವೇ ಸುಲಿದಿಡಬಹುದು, ಬೇಳೆಯನ್ನು ಬೇಯಿಸಿಡಬಹುದು; ದೇವಾಲಯಕ್ಕೆ ಹೋಗುವ ಮೊದಲು ಗಟ್ಟಿಯನ್ನು ಹಬೆಯಿಂದ ಇಳಿಸಬಹುದು. ಬಂದ ಮೇಲೆ ಉಳಿಯುವುದು ಒಗ್ಗರಣೆಯೂ ತೆಂಗಿನ ಹಾಲೂ ಮಾತ್ರ. ಕಾಯಿ ತುರಿಯುವುದನ್ನೂ ಎಲೆ ತೊಳೆದು ಹಾಕುವುದನ್ನೂ ಗಂಡುಮಕ್ಕಳಿಗೆ ವಹಿಸಿದರೆ ಅವರಿಗೆ ಏನೂ ಕೊರತೆಯಾಗದು.

ದೂರದೂರಿನಲ್ಲಿರುವವರಿಗೆ ಆಶೀರ್ವದಿಸಿದ ತೆನೆಯ ಕಾಳನ್ನು ಲಕೋಟೆಯಲ್ಲಿಟ್ಟು ಕಳುಹಿಸುವ ಪದ್ಧತಿಯುಂಟು. ಮುಂಬಯಿಗೂ ಕೊಲ್ಲಿಯ ದೇಶಗಳಿಗೂ ಹೋಗಿ ನೆಲಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅಂತಹ ಲಕೋಟೆಯ ದಾರಿ ಕಾಯ್ದವರು ಅನೇಕರು. ಅವರಿಗೆ ಗದ್ದೆಯಿಲ್ಲ, ಹಿತ್ತಿಲಿಲ್ಲ. ಆದರೆ ಬಿಸಿಲು ಬೀಳುವ ಮೊಗಸಾಲೆಯ ಕುಂಡದಲ್ಲಿ ಬೆಂಡೆ ಚೆನ್ನಾಗಿ ಬರುತ್ತದೆ, ಅಲಸಂಡೆಯ ಬಳ್ಳಿಗೆ ಕಿಟಕಿಯ ಸರಳು ಸಾಕು. ಮೂರರಲ್ಲಿ ಒಂದು ಬಗೆಯಾದರೂ ಸ್ವಂತ ಕೈಯದಾಗುತ್ತದೆ.

ಬೀಜಕ್ಕಾಗಿ ಮೊದಲ ಕಾಯಿಗಳಲ್ಲಿ ಒಳ್ಳೆಯದೊಂದನ್ನು ಹಬ್ಬಕ್ಕೂ ಕೊಯ್ಯದೆ, ಗುರುತಿಗೆ ದಾರ ಕಟ್ಟಿ ಬಳ್ಳಿಯಲ್ಲಿಯೇ ಬಿಡಬೇಕು. ಹೀರೆಯಾದರೆ ಅದು ಒಣಗಿ ಹಗುರಾಗಿ, ಅಲುಗಿಸಿದರೆ ಒಳಗೆ ಗಲಗಲನೆ ಸದ್ದಾದಾಗ ಕೊಯ್ದು, ಸಿಪ್ಪೆ ಸಹಿತವಾಗಿ ಹೊಗೆ ತಾಗುವಲ್ಲಿ ತೂಗಹಾಕಿರಿ. ಹೊಗೆಯ ಒಲೆ ಇಲ್ಲದ ಮನೆಗಳಲ್ಲಿ ಬೀಜ ಬಿಡಿಸಿ ಒಣಗಿಸಿ, ಬೂದಿಯಲ್ಲಿ ಹೊರಳಿಸಿ, ಗಾಜಿನ ಭರಣಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಮುಂದಿನ ಜೂನ್ ತನಕ ಕೆಡುವುದಿಲ್ಲ.