ನಿಮಗಿದು ಗೊತ್ತೇ? ಗೋಡೆ, ಅರಮನೆ ಬಿಟ್ಟು ಉಳಿದ ಬೀಜಿಂಗ್

ಬೀಜಿಂಗ್ ಅಂದರೆ ಮಹಾಗೋಡೆ, ಅರಮನೆ, ತಿಯಾನನ್‌ಮೆನ್ ಚೌಕ. ಪ್ಯಾಕೇಜ್ ಟೂರಿನವರು ತೋರಿಸುವುದು ಅಷ್ಟೇ, ನಾವು ಫೋಟೊ ಹೊಡೆದುಕೊಂಡು ಬರುವುದೂ ಅಷ್ಟೇ. ಆದರೆ ಅದೇ ಊರಿನ ಸಂದಿಗೊಂದಿಗಳಲ್ಲಿ ಸರಸ್ವತಿ ಇದ್ದಾಳೆ, ನೇಪಾಳಿ ಕೈಚಳಕದ ಸ್ತೂಪವಿದೆ, ಸತ್ತವರ ಲೆಕ್ಕ ಬರೆಯುವ ಕಚೇರಿಗಳೂ ಇವೆ!

● ಸರಸ್ವತಿಯ ದರ್ಶನಕ್ಕೆ ಟಾರ್ಚು ಬೇಕು. ನಗರದ ಪಶ್ಚಿಮ ಅಂಚಿನಲ್ಲಿ, ಬೆಟ್ಟದ ತಪ್ಪಲಲ್ಲಿರುವ ಫಾಹೈ ದೇಗುಲವನ್ನು ಮಿಂಗ್ ದೊರೆಗಳ ಕಾಲದಲ್ಲಿ, 1439ರಿಂದ 1443ರ ನಡುವೆ ಕಟ್ಟಲಾಯಿತು. ಭಿತ್ತಿಚಿತ್ರಗಳ ಬಣ್ಣ ಮಾಸಬಾರದೆಂದು ಗರ್ಭಗುಡಿಯನ್ನು ಕತ್ತಲಾಗಿಯೇ ಇಟ್ಟಿದ್ದಾರೆ. ಟಾರ್ಚಿನ ಬೆಳಕು ಗೋಡೆಯ ಮೇಲೆ ಸರಿದಂತೆಲ್ಲ ಒಬ್ಬೊಬ್ಬರೇ ಎದುರಾಗುತ್ತಾರೆ: ಬ್ರಹ್ಮ, ಇಂದ್ರ, ಲಕ್ಷ್ಮಿ, ಯಮ, ಕೊನೆಗೆ ಎಂಟು ಕೈಗಳ ಸರಸ್ವತಿ. ಬೌದ್ಧಧರ್ಮದ ಜತೆ ಗಡಿ ದಾಟಿ ಹೋದ ದೇವತೆಗಳಿವರು; ಉಡುಗೆ ತೊಡುಗೆ ಮಾತ್ರ ಪೂರ್ತಿ ಚೀನೀ. ವೀಣೆ ಹುಡುಕಿದರೆ ನಿರಾಸೆಯಾದೀತು, ಈ ಸರಸ್ವತಿ ಹಿಡಿದಿರುವುದು ಆಯುಧಗಳನ್ನು. ಬೀಜಿಂಗ್‌ನಲ್ಲಿ ಒಂದೇ ಒಂದು ಹೆಚ್ಚುವರಿ ದಿನ ಸಿಕ್ಕರೆ ನನ್ನ ಓಟು ಇದಕ್ಕೇ.

● ಫಾಹೈಗೆ ಹೋದವರು ಪಕ್ಕದಲ್ಲೇ ಇರುವ ತಿಯಾನ್ ಯೀ ಸಮಾಧಿಯನ್ನೂ ನೋಡಬಹುದು. ಮೂವರು ಚಕ್ರವರ್ತಿಗಳ ಸೇವೆ ಮಾಡಿ 1605ರಲ್ಲಿ ತೀರಿಕೊಂಡ ನಪುಂಸಕ ಅಧಿಕಾರಿ ಈತ. ಅರಮನೆಯ ನಪುಂಸಕರ ಬದುಕಿನ ಬಗ್ಗೆ ಅಲ್ಲೊಂದು ವಸ್ತುಪ್ರದರ್ಶನವಿದೆ. ಎಳೆಯ ಮಕ್ಕಳ ಜತೆ ಹೋದರೆ ಉತ್ತರ ಹೇಳಿ ಸುಸ್ತಾದೀತು.

● ಬುದ್ಧಗಯೆಯ ಮಹಾಬೋಧಿ ದೇಗುಲದ ಚೀನೀ ರೂಪವೊಂದು ಬೀಜಿಂಗ್ ಮೃಗಾಲಯದ ಹಿಂಬದಿಯಲ್ಲಿದೆ! ಭಾರತದಿಂದ ಬಂದ ಭಿಕ್ಷುವೊಬ್ಬ ಯೋಂಗ್ಲ ಚಕ್ರವರ್ತಿಗೆ ಐದು ಬುದ್ಧ ವಿಗ್ರಹಗಳನ್ನೂ ವಜ್ರಾಸನದ ಮಾದರಿಯನ್ನೂ ಒಪ್ಪಿಸಿದನಂತೆ. ಆ ಮಾದರಿಯ ಕಟ್ಟಡ ಮುಗಿದದ್ದು 1473ರಲ್ಲಿ. ಎತ್ತರದ ಕಲ್ಲಿನ ಪೀಠ, ಅದರ ಮೇಲೆ ಐದು ಗೋಪುರ, ಗೋಡೆಯ ತುಂಬ ಸಾಲುಸಾಲು ಪುಟ್ಟ ಬುದ್ಧರು. ಪಾಂಡಾ ನೋಡಲು ಮೃಗಾಲಯಕ್ಕೆ ನುಗ್ಗುವ ಜನಕ್ಕೆ ಇತ್ತ ಬರುವಷ್ಟು ಪುರುಸೊತ್ತಿಲ್ಲ. ಶರತ್ಕಾಲದಲ್ಲಿ ಹೋಗಿ, ಅಂಗಳದ ಹಳೆಯ ಗಿಂಕ್ಗೊ ಮರಗಳು ಹಳದಿ ಎಲೆ ಉದುರಿಸುತ್ತಿರುತ್ತವೆ.

● ಕುಬ್ಲಾಯ್ ಖಾನನ ರಾಜಧಾನಿಯ ಬಿಳಿ ಸ್ತೂಪ ನೇಪಾಳದ ಅರನಿಕೋನ ಕೆಲಸ. 1271ರಲ್ಲಿ ಶುರುವಾಗಿ 1279ಕ್ಕೆ ಮುಗಿಯಿತು. ಎತ್ತರ ಸುಮಾರು 51 ಮೀಟರ್. ಸುತ್ತ ಈಗಲೂ ಹಳೆಯ ಓಣಿಗಳು, ಅಂದರೆ ಹುತೋಂಗ್‌ಗಳು. ಬೈಹಾಯ್ ಉದ್ಯಾನದ ಬಿಳಿ ಸ್ತೂಪವನ್ನು ನೋಡಿ ಇದನ್ನೇ ನೋಡಿದೆವೆಂದುಕೊಂಡು ಬರುವವರು ಉಂಟು. ಅದು 1651ರದ್ದು, ಇದರ ಮುಂದೆ ತೀರಾ ಕಿರಿಯ.

● ಯಮಲೋಕದಲ್ಲಿ ಎಷ್ಟು ಇಲಾಖೆಗಳಿವೆ? ದೋಂಗ್‌ಯುಯೆ ದೇಗುಲದ ಪ್ರಕಾರ 76! ಇದು ದಾವೋ ಪಂಥದ ಗುಡಿ, ಸ್ಥಾಪನೆಯಾದದ್ದು 1319ರಲ್ಲಿ. ಅಂಗಳದ ಸುತ್ತಲಿನ ಒಂದೊಂದು ಕೋಣೆಯೂ ಒಂದೊಂದು ಇಲಾಖೆ. ಆಳೆತ್ತರದ ಬಣ್ಣದ ಗೊಂಬೆಗಳೇ ಅಧಿಕಾರಿ, ಗುಮಾಸ್ತ, ಆರೋಪಿ. ಅಲೆಮಾರಿ ಪ್ರೇತಗಳಿಗೊಂದು ಇಲಾಖೆ, ದುರ್ಮರಣಕ್ಕೊಂದು, ಸರ್ಕಾರಿ ಅಧಿಕಾರಿಗಳ ನಡತೆಗೇ ಪ್ರತ್ಯೇಕವಾಗಿ ಇನ್ನೊಂದು. ನಮ್ಮ ಚಿತ್ರಗುಪ್ತ ಒಬ್ಬನೇ ಹೊರುವ ಹೊರೆಯನ್ನು ಇಲ್ಲಿ ಇಡೀ ಸಚಿವಾಲಯವೇ ಹಂಚಿಕೊಂಡಿದೆ.

● ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿ ವರ್ಸೇಲ್ಸ್ ಒಪ್ಪಂದದಂತೆ ವಾಪಸು ಕೊಡಬೇಕಾಗಿದ್ದರಲ್ಲಿ ಬೀಜಿಂಗ್‌ನ ದೂರದರ್ಶಕವಿಲ್ಲದ ಖಗೋಳ ಯಂತ್ರಗಳೂ ಇದ್ದವು. ಅವು ಇರುವುದು ಹಳೆಯ ಕೋಟೆಗೋಡೆಯ ಮೇಲೆ 1442ರಲ್ಲಿ ಕಟ್ಟಿದ ವೀಕ್ಷಣಾಲಯದಲ್ಲಿ. ಅಲ್ಲಿನ ಕಂಚಿನ ಯಂತ್ರಗಳಲ್ಲಿ ಆರನ್ನು 1673ರ ಹೊತ್ತಿಗೆ ಮಾಡಿಸಿಕೊಟ್ಟವನು ಜೆಸ್ಯೂಟ್ ಪಾದ್ರಿ ಫರ್ಡಿನಾಂಡ್ ವರ್ಬೀಸ್ಟ್. 1900ರಲ್ಲಿ ಬಾಕ್ಸರ್ ದಂಗೆ ಅಡಗಿಸಲು ಬಂದ ಸೇನೆಗಳು ಇವನ್ನೂ ಬಿಡಲಿಲ್ಲ. ಫ್ರೆಂಚರು ತಮ್ಮ ಪಾಲನ್ನು ಬೇಗನೆ ಮರಳಿಸಿದರು. ಜರ್ಮನರದ್ದು ಪಾಟ್ಸ್‌ಡಾಮ್‌ನಲ್ಲಿ ಅಲಂಕಾರಕ್ಕೆ ನಿಂತಿತ್ತು. 1921ರಲ್ಲಿ ಅದೂ ಊರಿಗೆ ಬಂತು. ಜಿಯಾನ್‌ಗುವೊಮೆನ್ ಮೆಟ್ರೊ ಇಳಿದು ತಲೆಯೆತ್ತಿದರೆ ಸಾಕು. ಕೆಳಗೆ ರಿಂಗ್ ರೋಡಿನ ಟ್ರಾಫಿಕ್ಕು, ಮೇಲೆ ಡ್ರ್ಯಾಗನ್ ಹೊತ್ತ ಗೋಳಗಳು.

● ಅಲ್ಲಿಂದ ಹೆಚ್ಚು ದೂರವಿಲ್ಲದ ಝಿಹುವಾ ದೇಗುಲ ಕಪ್ಪು ಹೆಂಚಿನದು. ಕಟ್ಟಿಸಿದವನು ವಾಂಗ್ ಝೆನ್ ಎಂಬ ಪ್ರಭಾವಿ ನಪುಂಸಕ. 1449ರಲ್ಲಿ ಈತ ಎಳೆಯ ಚಕ್ರವರ್ತಿಯನ್ನು ಹುರಿದುಂಬಿಸಿ ಮಂಗೋಲರ ಮೇಲೆ ಯುದ್ಧಕ್ಕೆ ಹೊರಡಿಸಿದ. ಚಕ್ರವರ್ತಿ ಸೆರೆಯಾದ, ಈತ ಸತ್ತ. ತಮಾಷೆಯೆಂದರೆ ಮತ್ತೆ ಪಟ್ಟಕ್ಕೇರಿದ ಆ ಚಕ್ರವರ್ತಿ ಸಿಟ್ಟಾಗುವ ಬದಲು ಇದೇ ಗುಡಿಯಲ್ಲಿ ಆತನ ನೆನಪಿಗೆ ಪೂಜೆ ಏರ್ಪಡಿಸಿದ! ಕೆತ್ತನೆಯ ಎರಡು ಮರದ ಚಾವಣಿಗಳು ಕಳೆದ ಶತಮಾನದಲ್ಲಿ ಅಮೆರಿಕದ ಪಾಲಾದವು. ಒಂದು ಕನ್ಸಾಸ್ ಸಿಟಿಯಲ್ಲಿ, ಇನ್ನೊಂದು ಫಿಲಡೆಲ್ಫಿಯಾದಲ್ಲಿ. ಮಿಂಗ್ ಕಾಲದಿಂದ ಗುರುಶಿಷ್ಯರ ಮೂಲಕ ಉಳಿದು ಬಂದ ವಾದ್ಯಸಂಗೀತ ಮಾತ್ರ ಇಲ್ಲೇ ಇದೆ.

● 46.5 ಟನ್ ತೂಕದ ಗಂಟೆಯ ಮೈಮೇಲೆ ಎರಡು ಲಕ್ಷಕ್ಕೂ ಹೆಚ್ಚು ಅಕ್ಷರ! ದಾಝೋಂಗ್ ದೇಗುಲದ ಯೋಂಗ್ಲ ಗಂಟೆಯ ಒಳಗೂ ಹೊರಗೂ ಬೌದ್ಧ ಸೂತ್ರಗಳು, ನಡುವೆ ಸಂಸ್ಕೃತ ಮಂತ್ರಗಳೂ ಇವೆ. ಚಳಿಗಾಲದಲ್ಲಿ ದಾರಿಗೆ ನೀರು ಸುರಿದು, ಮಂಜುಗಟ್ಟಿದ ಮೇಲೆ ಎಳೆದು ತಂದರೆಂಬ ಕತೆ ಇದೆ.

● ಓದುವ ಮಕ್ಕಳ ಕಷ್ಟ ಅಲ್ಲೂ ತಪ್ಪಿರಲಿಲ್ಲ. ಕನ್ಫ್ಯೂಷಿಯಸ್ ಗುಡಿಯ ಶಿಲಾಫಲಕಗಳಲ್ಲಿ ಅತ್ಯುನ್ನತ ರಾಜಪರೀಕ್ಷೆ ಪಾಸಾದ 51,624 ಮಂದಿಯ ಹೆಸರು ಕೊರೆದಿದ್ದಾರೆ. ಫೇಲಾದವರಿಗೆ ಕಲ್ಲು ಸಾಲುತ್ತಿರಲಿಲ್ಲ ಬಿಡಿ.

● ನಿಯೂಜೀ ಮಸೀದಿ 996ರಲ್ಲಿ ಶುರುವಾದದ್ದು. ಹೊರಗಿನಿಂದ ನೋಡಿದರೆ ಚೀನೀ ಗುಡಿಯೇ. ಚಂದ್ರದರ್ಶನಕ್ಕೆಂದೇ ಆರು ಮೂಲೆಯ ಗೋಪುರವಿದೆ.

● ಅದಕ್ಕೆ ಹತ್ತಿರದಲ್ಲೇ, ಟಾಂಗ್ ಕಾಲದ ಮೂಲವುಳ್ಳ ಫಾಯುವಾನ್ ದೇಗುಲ. 1924ರ ಏಪ್ರಿಲ್‌ನಲ್ಲಿ ರವೀಂದ್ರನಾಥ ಟಾಗೋರರು ಇಲ್ಲಿಗೆ ಬಂದದ್ದು ಲೈಲ್ಯಾಕ್ ಹೂ ನೋಡಲು, ಜತೆಗಿದ್ದವನು ಕವಿ ಷು ಝಿಮೊ. ಹೂ ಬಿಡುವುದು ಈಗಲೂ ಏಪ್ರಿಲ್‌ನಲ್ಲೇ.

● ಕಲ್ಲಂಗಡಿಗೂ ಒಂದು ಮ್ಯೂಸಿಯಂ ಇದೆ, ದಕ್ಷಿಣದ ದಾಶಿಂಗ್‌ನಲ್ಲಿ. ನಲ್ಲಿ ನೀರಿಗೂ ಇದೆ, ದೋಂಗ್‌ಝಿಮೆನ್ ಬಳಿ. ಊರಿನ ನೀರಿನ ಕಂಪನಿ ಹುಟ್ಟಿದ್ದು 1908ರಲ್ಲಿ.

● ಹೋಗುವವರಿಗೆ ಒಂದು ಮಾತು: ಬೀಜಿಂಗ್‌ನ ಬಹುತೇಕ ಮ್ಯೂಸಿಯಂಗಳಿಗೆ ಸೋಮವಾರ ರಜೆ. ಪಾಸ್‌ಪೋರ್ಟು ಕೈಯಲ್ಲೇ ಇರಲಿ.