ಗರ್ಭಸ್ಥ ಶಿಶುವನ್ನು ತಟ್ಟುವ ತಂಬಾಕು

ಗರ್ಭದಲ್ಲಿರುವ ಕೂಸಿಗೂ ಲಿಂಗಧಾರಣೆ ಮಾಡುವ ಪರಂಪರೆ ನಮ್ಮದು. ಹುಟ್ಟುವ ಮೊದಲೇ ಆ ಜೀವವನ್ನು ಗೌರವಿಸುವ ನಾವು, ಅದು ಅನ್ನಕ್ಕೂ ಉಸಿರಿಗೂ ಆಶ್ರಯಿಸಿರುವ ತಾಯಿಯ ರಕ್ತವು ನಂಜಿಲ್ಲದೆ ಇದೆಯೇ ಎಂಬುದನ್ನೂ ವಿಚಾರಿಸಬೇಕಾಗುತ್ತದೆ.

ಧೂಮಪಾನದ ಮಾತೆತ್ತಿದೊಡನೆ, ‘ನಮ್ಮ ಹೆಣ್ಣುಮಕ್ಕಳು ಬೀಡಿ, ಸಿಗರೇಟು ಸೇದುವುದಿಲ್ಲ’ ಎಂಬ ಉತ್ತರ ಬರುತ್ತದೆ. ಅದು ಬಹುಮಟ್ಟಿಗೆ ನಿಜ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕ ಮಹಿಳೆಯರಲ್ಲಿ ಧೂಮಪಾನ ಮಾಡುವವರು ಶೇ. 2ರಷ್ಟು ಮಾತ್ರ. ಆದರೆ ಹೊಗೆಯಿಲ್ಲದ ತಂಬಾಕನ್ನು ಬಳಸುವವರು ಶೇ. 12.8ರಷ್ಟಿದ್ದಾರೆ. ಕಲಬುರಗಿ ನಗರದ ಓಣಿಗಳಲ್ಲಿರಲಿ, ಕಮಲಾಪುರದ ತೊಗರಿ ಹೊಲಗಳಲ್ಲಿರಲಿ, ಅಪಾಯವು ಎಲೆಯಡಿಕೆಯೊಳಗಿನ ತಂಬಾಕಾಗಿ, ಹಲ್ಲಿಗೆ ತಿಕ್ಕುವ ಪುಡಿಯಾಗಿ, ಮನೆಯ ಗಂಡಸರು ಬಿಡುವ ಬೀಡಿಯ ಹೊಗೆಯಾಗಿ ಗರ್ಭಿಣಿಯನ್ನು ತಲುಪುತ್ತದೆ.

ಒಳಗೆ ಆಗುವುದೇನು?

ತಂಬಾಕಿನ ನಿಕೋಟಿನ್ ತಾಯಿಯ ರಕ್ತದಿಂದ ಮಾಸುವನ್ನು ದಾಟಿ ಶಿಶುವನ್ನು ಸೇರುತ್ತದೆ. ರಕ್ತನಾಳಗಳನ್ನು ಸಂಕುಚಿತಗೊಳಿಸಿ ಶಿಶುವಿಗೆ ಹರಿಯುವ ರಕ್ತವನ್ನು ಕುಗ್ಗಿಸುತ್ತದೆ. ಹೊಗೆಯಲ್ಲಾದರೆ ಕಾರ್ಬನ್ ಮೊನಾಕ್ಸೈಡ್ ಕೂಡ ಇರುತ್ತದೆ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ಆಮ್ಲಜನಕದ ಜಾಗವನ್ನು ಕಬಳಿಸುತ್ತದೆ. ಮೊದಲೇ ರಕ್ತಹೀನತೆಯುಳ್ಳ ತಾಯಿಗೆ ಇದು ಗಾಯದ ಮೇಲಿನ ಬರೆ.

ಪರಿಣಾಮವಾಗಿ ಕೂಸು 37 ವಾರ ತುಂಬುವ ಮುನ್ನವೇ ಹುಟ್ಟಬಹುದು, 2.5 ಕಿಲೋಗ್ರಾಂಗಿಂತ ಕಡಿಮೆ ತೂಗಬಹುದು, ಕೆಲವೊಮ್ಮೆ ಗರ್ಭದಲ್ಲಿಯೇ ಅಸುನೀಗಬಹುದು. ಕಡಿಮೆ ತೂಕದ ಕೂಸಿಗೆ ಮೈಯ ಬಿಸುಪನ್ನು ಕಾಯ್ದುಕೊಳ್ಳುವುದು ಕಷ್ಟ. ಮೊಲೆ ಚೀಪುವ ಶಕ್ತಿಯೂ ಕಡಿಮೆ. ಸೋಂಕು ಬೇಗ ತಗಲುತ್ತದೆ. ಹುಟ್ಟಿದ ಮೇಲೂ ಹೊಗೆಯ ನಡುವೆ ಬೆಳೆಯುವ ಶಿಶುಗಳಲ್ಲಿ ಶ್ವಾಸಕೋಶದ ಸೋಂಕು ಮತ್ತು ನಿದ್ರೆಯಲ್ಲಿಯೇ ಹಠಾತ್ ಮರಣದ ಸಂಭವ ಹೆಚ್ಚು.

ಹೊಗೆಯಿಲ್ಲದ ತಂಬಾಕು ನಿರಪಾಯಕಾರಿ ಎಂಬ ನಂಬಿಕೆಯೂ ಸುಳ್ಳು. ಮುಂಬಯಿಯ ಗರ್ಭಿಣಿಯರನ್ನು ಕುರಿತು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಂಥ ತಂಬಾಕನ್ನು ಬಳಸುತ್ತಿದ್ದವರ ಶಿಶುಗಳ ಜನನತೂಕವು ಸರಾಸರಿ 105 ಗ್ರಾಂ ಕಡಿಮೆಯಿದ್ದುದು ಕಂಡುಬಂದಿತು. ಎರಡು ಕಿಲೋಗ್ರಾಂ ತೂಗುವ ಕೂಸಿಗೆ 105 ಗ್ರಾಂ ಅಲ್ಪವಲ್ಲ.

ಹಿರಿಯರಲ್ಲಿ ಒಂದು ಬಿನ್ನಹ

‘ಕೂಸು ಸಣ್ಣದಿದ್ದರೆ ಹೆರಿಗೆ ಸಲೀಸು’, ‘ಪುಡಿ ತಿಕ್ಕಿದರೆ ಹಲ್ಲುನೋವು, ವಾಕರಿಕೆ ನಿಲ್ಲುತ್ತವೆ’ ಎಂಬ ಮಾತುಗಳನ್ನು ಇನ್ನಾದರೂ ಬಿಡೋಣ. ಹಲ್ಲುನೋವಿಗೆ ದಂತವೈದ್ಯರಿದ್ದಾರೆ, ವಾಕರಿಕೆಗೆ ಗರ್ಭಿಣಿಯರಿಗೆ ಹೊಂದುವ ಔಷಧಗಳಿವೆ. ಕುಬಸದ ದಿನ ಮುತ್ತೈದೆಯರಿಗೆ ಕೊಡುವ ಎಲೆಯಡಿಕೆಯ ತಟ್ಟೆಯಲ್ಲಿ ತಂಬಾಕು ಇರದಂತೆ ನೋಡಿಕೊಳ್ಳುವುದು ಅತ್ತೆ, ತಾಯಂದಿರ ಕೈಯಲ್ಲಿದೆ. ಚಟವಿರುವ ಸೊಸೆಯನ್ನು ನಾಲ್ಕು ಜನರ ಮುಂದೆ ಹಳಿದರೆ ಅವಳು ಮರೆಯಲ್ಲಿ ತಿಕ್ಕುತ್ತಾಳೆ, ವೈದ್ಯರ ಮುಂದೆಯೂ ಮುಚ್ಚಿಡುತ್ತಾಳೆ. ಗದರಿಕೆಗಿಂತ ಅಂತಃಕರಣವೇ ಇಲ್ಲಿ ಮದ್ದು.

ಗರ್ಭ ನಿಂತುದು ತಿಳಿದ ಕೂಡಲೇ ಬಿಡುವುದು ಅತ್ಯುತ್ತಮ. ಆದರೆ ಯಾವ ತಿಂಗಳಲ್ಲಿ ಬಿಟ್ಟರೂ ಶಿಶುವಿಗೆ ಲಾಭವೇ. ತಾಯಿ ಕಾರ್ಡ್ ಮಾಡಿಸುವಾಗಲೇ ಆಶಾ ಕಾರ್ಯಕರ್ತೆಯ ಬಳಿ ಈ ವಿಷಯವನ್ನು ಮುಕ್ತವಾಗಿ ಹೇಳಬೇಕು. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356. ಇದಕ್ಕೂ ಹಣ ತೆರಬೇಕಿಲ್ಲ. ನಿಕೋಟಿನ್ ಚೂಯಿಂಗ್ ಗಮ್ ಮೊದಲಾದವನ್ನು ವೈದ್ಯರನ್ನು ಕೇಳದೆ ಬಳಸಲಾಗದು.

ಗಂಡನಾದವನ ಹೊಣೆ ಇನ್ನೂ ಹಿರಿದು. ಕಿಟಕಿ ತೆರೆದು ಸೇದಿದರೂ ಹೊಗೆ ಮನೆಯಲ್ಲಿ ಉಳಿಯುತ್ತದೆ. ಆದ್ದರಿಂದ ಮನೆಯೊಳಗೆ ಬೀಡಿ ಹಚ್ಚಲೇಕೂಡದು. ಹೆಂಡತಿಯ ಬಸಿರಿನ ಒಂಬತ್ತು ತಿಂಗಳನ್ನೇ ವ್ರತಕಾಲವೆಂದು ಭಾವಿಸಿ, ಬೀಡಿಯನ್ನು ಪೂರ್ತಿ ತ್ಯಜಿಸಿದ ತಂದೆಯು ಹುಟ್ಟುವ ಕೂಸಿಗೆ ತೊಟ್ಟಿಲಿಗಿಂತಲೂ ಮೊದಲಿನ ಉಡುಗೊರೆಯನ್ನು ಕೊಟ್ಟಂತಾಗುತ್ತದೆ.